ಒಂದು ಕಲ್ಲು ಓದೋಕೆ ಎಷ್ಟು ಕಸುಬು ಬೇಕು? ಬೆಂಗಳೂರು ಗ್ರಾಮಾಂತರದ ಶಾಸನಗಳನ್ನು ಮುಂದಿಟ್ಟುಕೊಂಡು

ಹಳೆಗನ್ನಡ ಲಿಪಿ ಗೊತ್ತಿದ್ದರೆ ಶಾಸನ ಓದಬಹುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲಿಪಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡಬಳ್ಳಾಪುರದ ಕಡೆ ಒಂದು ಕೆರೆ ಏರಿ ಮೇಲೆ ನಿಂತಿರೋ, ಅರ್ಧ ಹೂತುಹೋಗಿರೋ, ಸುಣ್ಣ ಬಳಿದಿರೋ ಕಲ್ಲಿನ ಮುಂದೆ ಕೂತು ನೋಡಿ. ಮೊದಲ ತೊಡಕು ಲಿಪಿಯದ್ದಲ್ಲ. ಅಲ್ಲಿರೋದು ಉಳಿಯ ಗೀಟೋ, ಕಲ್ಲು ತಾನೇ ಎದ್ದುಹೋದ ಚಕ್ಕೆಯೋ ಅನ್ನೋದೇ ಗೊತ್ತಾಗಲ್ಲ. ಅದನ್ನು ಹೇಳಬಲ್ಲವನು ಲಿಪಿ ಪಂಡಿತ ಅಲ್ಲ, ಕಲ್ಲು ಕೆತ್ತೋನು. ಅಕ್ಷರ ಬಿಡಿಸಿದ ಮೇಲೆ 'ಇಷ್ಟು ಕೊಳಗ ಗದ್ದೆ' ಅಂತ ಬಂತು ಅನ್ನಿ. ಅದು ಎಷ್ಟು ನೆಲ ಅಂತ ಅಂದಾಜು ಹೇಳಬಲ್ಲವನು ಹಳೇ ಕಾಲದ ರೈತ. ಅದು ಯಾವ ಜಾಗ ಅಂತ ಹುಡುಕಬಲ್ಲವನು ಊರಿನ ನೀರಗಂಟಿ, ಇಲ್ಲವೇ ಸರ್ವೆ ನಕ್ಷೆ ಓದಬಲ್ಲವನು.

ಹೀಗೆ ಒಂದು ಕಲ್ಲಿನ ಹಿಂದೆ ಹಲವು ಕಸುಬುಗಳ ಜ್ಞಾನ ಸೇರಬೇಕಾಗತ್ತೆ. ಈಚೆಗೆ ಆ ಪಟ್ಟಿಗೆ ಮೂರು ಆಯಾಮದ ಸ್ಕ್ಯಾನಿಂಗ್, ಕಂಪ್ಯೂಟರ್ ವಿಜ್ಞಾನ ಎಲ್ಲವೂ ಸೇರಿಕೊಂಡಿವೆ. ಯಾವ ಕಸುಬು ಎಲ್ಲಿ ಕೆಲಸಕ್ಕೆ ಬರತ್ತೆ, ಯಾಕೆ ಬೇಕು, ಎಲ್ಲಿ ಎಡವತ್ತೆ ಅನ್ನೋದನ್ನು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ನೋಡೋಣ.

ಆಗಲೂ ಒಬ್ಬನ ಕೆಲಸ ಆಗಿರಲಿಲ್ಲ

ಶಾಸನ ಹುಟ್ಟುವಾಗಲೂ ಅದು ಒಬ್ಬನ ಕೆಲಸ ಆಗಿರಲಿಲ್ಲ. ದಾನ ಕೊಟ್ಟವನು ಒಬ್ಬ, ಒಕ್ಕಣೆ ಕಟ್ಟಿದವನು ಇನ್ನೊಬ್ಬ, ಕಲ್ಲಿನ ಮೇಲೆ ಬರೆದುಕೊಟ್ಟವನು ಮತ್ತೊಬ್ಬ, ಕಂಡರಿಸಿದವನು ಮಗದೊಬ್ಬ. 'ಪೇಳ್ದಂ', 'ಬರೆದಂ', 'ಕಂಡರಿಸಿದಂ' ಅನ್ನೋ ಮೂರು ಕ್ರಿಯಾಪದಗಳು ಶಾಸನಗಳ ಕೊನೆಯಲ್ಲಿ ಬೇರೆ ಬೇರೆಯಾಗಿ ಸಿಗೋದು ಇದಕ್ಕೇ. ವಿಜಯನಗರದ ಅಚ್ಯುತರಾಯ, ಸದಾಶಿವರಾಯರ ತಾಮ್ರಪಟಗಳಲ್ಲಿ ಪದ್ಯ ರಚಿಸಿದವನು ಸಭಾಪತಿ, ಕೆತ್ತಿದವನು ವೀರಣಾಚಾರ್ಯ ಅಂತ ಇಬ್ಬರ ಹೆಸರೂ ಮತ್ತೆ ಮತ್ತೆ ಬರತ್ತೆ. ಒಂದು ಸರ್ಕಾರಿ ದಾಖಲೆಯಲ್ಲಿ ಕವಿಗೂ ಕಮ್ಮಾರಿಕೆ ಬಲ್ಲವನಿಗೂ ಒಂದೇ ಪಂಕ್ತಿಯ ಮರ್ಯಾದೆ!

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಹತ್ತಿರದ ಊರು ನೆಲಮಂಗಲ ತಾಲ್ಲೂಕಿನ ಮಣ್ಣೆ. ಇವತ್ತಿನ ಮಣ್ಣೆಯೇ ಅಂದಿನ ಮಾನ್ಯಪುರ. ಗಂಗ ದೊರೆ ಶ್ರೀಪುರುಷ ತನ್ನ ಆಳ್ವಿಕೆಯಲ್ಲಿ ಬೀಡು ಬಿಟ್ಟಿದ್ದ ಊರು. ಇಲ್ಲಿ ಸಿಕ್ಕ ಎರಡು ತಾಮ್ರಶಾಸನಗಳು ಶಾಸನಾಭ್ಯಾಸಿಗಳಿಗೆ ಚೆನ್ನಾಗಿ ಗೊತ್ತು. ಒಂದು ಶಕವರ್ಷ 719ರದ್ದು, ಅಂದರೆ ಸಾ.ಶ. 797, ಗಂಗ ಮಾರಸಿಂಹನ ಕಾಲದ್ದು. ಇನ್ನೊಂದು ಶಕವರ್ಷ 724ರದ್ದು, ಅಂದರೆ ಸಾ.ಶ. 802, ರಾಷ್ಟ್ರಕೂಟರು ಗಂಗವಾಡಿಯನ್ನು ಹಿಡಿದಿದ್ದಾಗಿನದ್ದು. ಐದೇ ವರ್ಷದ ಅಂತರದಲ್ಲಿ ಒಂದೇ ಊರಿನ ಮೇಲೆ ಎರಡು ಅರಸು ಮನೆತನಗಳ ದಾಖಲೆ ಇದೆ. ರಾಜಕೀಯ ಹೇಗೆ ತಿರುಗಿತು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಶ್ರೀಪುರುಷನ ಕಾಲದ ದೇವರಹಳ್ಳಿ ತಾಮ್ರಶಾಸನ (ಶಕ 698, ಸಾ.ಶ. 776) ಬರೆದವನು ವಿಶ್ವಕರ್ಮಾಚಾರ್ಯ. ಅವನನ್ನು ಎಲ್ಲ ಕಲೆಗಳಿಗೂ ಆಧಾರವಾದವನು, ಚಿತ್ರಕಲೆ ಬಲ್ಲವನು ಅಂತ ಆ ಶಾಸನವೇ ಹೊಗಳತ್ತೆ. ಅಕ್ಷರ ಕೆತ್ತೋನು ಬರೀ ಕೂಲಿಯವನಲ್ಲ, ಬಿನ್ನಾಣಿ ಅನ್ನೋ ತಿಳಿವಳಿಕೆ ಆಗಲೇ ಇತ್ತು.

ಬರಹ ಅಂದರೆ ಕಲ್ಲು, ತಾಮ್ರ ಮಾತ್ರವೂ ಅಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾಲಯದವರು 2001ರಲ್ಲಿ ಅಗೆತ ಶುರು ಮಾಡಿದಾಗ ಬೌದ್ಧ ಚೈತ್ಯ, ವಿಹಾರಗಳ ನೆಲೆ ಸಿಕ್ಕಿತು. ಜೊತೆಗೆ ಹಸಿ ಮಣ್ಣಿನಲ್ಲಿ ಮಾಡಿದ ಪುಟ್ಟ ಪುಟ್ಟ ಹರಕೆ ಸ್ತೂಪಗಳು ಸಿಕ್ಕವು. ಅವುಗಳ ಒಳಗೆ ಬೌದ್ಧ ಧರ್ಮದ ಸೂತ್ರವನ್ನು ಮೊಹರು ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಒಂದು ಅಚ್ಚು ಮಾಡಿ ಒಂದೇ ಬರಹವನ್ನು ನೂರು ಸಲ ಒತ್ತೋದು ಕುಂಬಾರಿಕೆಯೂ ಹೌದು, ಮುದ್ರಣವೂ ಹೌದು. ಅದನ್ನು ಗುರುತಿಸೋಕೆ ಲಿಪಿಕಾರನ ಜೊತೆ ಮಣ್ಣಿನ ಪದರ ಓದಬಲ್ಲ ಉತ್ಖನನಕಾರ ಬೇಕೇ ಬೇಕಾಯ್ತು.

ರೈಸ್ ಅವರ ಒಂಬತ್ತನೇ ಸಂಪುಟ

ಈ ಭಾಗದಲ್ಲಿ ಯಾವ ಹುಡುಕಾಟ ಶುರು ಮಾಡಿದರೂ ಮೊದಲು ಕೈಗೆ ತೆಗೆದುಕೊಳ್ಳೋದು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ. ಪ್ರಕಟವಾದದ್ದು 1905ರಲ್ಲಿ. ಸಂಪಾದಕರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೊದಲು ಶಿಕ್ಷಣ ಇಲಾಖೆಯ ಅಧಿಕಾರಿ, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಸಂಶೋಧನೆಯ ನಿರ್ದೇಶಕರು. ಅವರ ಹನ್ನೆರಡು ಸಂಪುಟಗಳಲ್ಲಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಶಾಸನಗಳಿವೆ.

ಒಂದು ವಿಷಯ ನೆನಪಿಡಿ. ರೈಸ್ ಕಾಲದ 'ಬೆಂಗಳೂರು ಜಿಲ್ಲೆ' ಬೇರೆ, ಇವತ್ತಿನದ್ದು ಬೇರೆ. 1986ರಲ್ಲಿ ಜಿಲ್ಲೆ ನಗರ, ಗ್ರಾಮಾಂತರ ಅಂತ ಎರಡಾಯ್ತು. 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಬೇರೆಯಾಯ್ತು. ಆದ್ದರಿಂದ ಇವತ್ತಿನ ಮೂರು ಜಿಲ್ಲೆಗಳ ಶಾಸನಗಳೂ ಅದೇ ಒಂಬತ್ತನೇ ಸಂಪುಟದಲ್ಲಿ ಸಿಗುತ್ತವೆ. ತಾಲ್ಲೂಕಿಗೊಂದು ವಿಭಾಗ, ಪ್ರತಿ ಶಾಸನಕ್ಕೂ ಕ್ರಮಸಂಖ್ಯೆ: ನೆಲಮಂಗಲ 60, ನೆಲಮಂಗಲ 61 ಹೀಗೆ. ಮಣ್ಣೆಯ ಆ ಎರಡು ತಾಮ್ರಶಾಸನಗಳ ಸಂಖ್ಯೆ ಇವೇ. ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳ ಸಂಖ್ಯೆ ಇದಕ್ಕೆ ತಾಳೆ ಆಗಲ್ಲ. ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳೋದು. ಸಂಪುಟದ ಸಂಖ್ಯೆ ಬರೆಯುವಾಗ ಹಳೆಯದೋ ಪರಿಷ್ಕೃತವೋ ಅಂತ ಜೊತೆಗೇ ಬರೆದುಕೊಂಡರೆ ಮುಂದೆ ತಾಪತ್ರಯ ಇರಲ್ಲ.

ಕಲ್ಲಿನ ಸ್ವಭಾವ ಗೊತ್ತಿರಬೇಕು

ಹಳೇಬೀಡು, ಬೇಲೂರಿನ ಶಾಸನಗಳ ಅಕ್ಷರ ಮುತ್ತು ಪೋಣಿಸಿದ ಹಾಗಿರತ್ತೆ. ನಮ್ಮ ಕಡೆ ಕಲ್ಲುಗಳ ಅಕ್ಷರ ದಪ್ಪ, ಒರಟು, ಸಾಲು ಸೊಟ್ಟ. ಹಾಗಂತ ಇಲ್ಲಿನ ಕೆತ್ತನೆಗಾರರಿಗೆ ಕೈ ಇರಲಿಲ್ಲ ಅನ್ನೋದು ತಪ್ಪು. ವ್ಯತ್ಯಾಸ ಇರೋದು ಕಲ್ಲಿನಲ್ಲಿ. ಅಲ್ಲಿನದ್ದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗಿರತ್ತೆ, ಕಣ ಸಣ್ಣ, ಸೂಕ್ಷ್ಮ ಗೀಟು ನಿಲ್ಲತ್ತೆ. ಬೆಂಗಳೂರು ಸುತ್ತಮುತ್ತ ಇರೋದು ಪೆನಿನ್ಸುಲರ್ ನೈಸ್ ಅನ್ನೋ ಬಹಳ ಪುರಾತನ ಶಿಲೆ, ಲಾಲ್‌ಬಾಗ್ ಬಂಡೆಯ ಜಾತಿಯದ್ದು. ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಲ್ಲ ದಪ್ಪ ದಪ್ಪ ಕಣಗಳಾಗಿ ಸೇರಿಕೊಂಡಿರತ್ತೆ. ಉಳಿ ಬಿದ್ದಾಗ ಕಣ ಇಡಿಯಾಗಿ ಎದ್ದು ಬರತ್ತೆ. ಅದಕ್ಕೇ ಅಕ್ಷರ ದೊಡ್ಡದಾಗಿ ಕೆತ್ತಬೇಕು.

ಮಳೆ ಬಿಸಿಲಿಗೆ ಸವೆಯೋ ಕ್ರಮವೂ ಬೇರೆ. ಬೆಣಚು ಹಾಗೇ ಉಳಿಯತ್ತೆ, ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗಿ ತೊಳೆದುಹೋಗತ್ತೆ. ಹಾಗಾಗಿ ಅಕ್ಷರದ ಒಳಗೂ ಹೊರಗೂ ಗುಳಿ ಬೀಳುತ್ತವೆ. ಗುಳಿಯೊಂದು ಅಕ್ಷರದ ಪಕ್ಕದಲ್ಲಿ ಬಿದ್ದರೆ ಅನುಸ್ವಾರದ ಸೊನ್ನೆ ಥರ ಕಾಣತ್ತೆ. ಬಂಡೆಯ ಬಿಳಿ ಪಟ್ಟೆ ಅಡ್ಡ ಹಾದುಹೋಗಿದ್ದರೆ ಅದೇ ಒಂದು ಗೀಟು ಅನ್ನಿಸಿಬಿಡತ್ತೆ. ಭೂವಿಜ್ಞಾನ ಓದಿದವರು ಪಕ್ಕದಲ್ಲಿದ್ದರೆ 'ಇದು ಪಟ್ಟೆ, ಇದನ್ನು ಬಿಡಿ' ಅಂತಾರೆ. ಕಲ್ಲು ಕೆತ್ತೋರು ಇದ್ದರೆ ಉಳಿ ಯಾವ ಕಡೆಯಿಂದ ಬಿದ್ದಿದೆ, ಏಟು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಅಂತ ತೋರಿಸ್ತಾರೆ. ಕೆತ್ತಿದ ಗೀಟಿಗೆ ಎರಡು ಬದಿಯ ಇಳಿಜಾರು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಚಕ್ಕೆ ಎದ್ದ ಜಾಗಕ್ಕೆ ಆ ಶಿಸ್ತು ಇರಲ್ಲ. ದೇವನಹಳ್ಳಿ ತಾಲ್ಲೂಕಿನ ಕೊಯಿರದಂಥ ಕಡೆ ಕಲ್ಲಿನ ಕಸುಬು ಬಲ್ಲವರು ಈಗಲೂ ಇದ್ದಾರೆ. ಶಾಸನದ ಕೆಲಸಕ್ಕೆ ಅವರನ್ನು ಕರೆದು ಕೇಳೋ ರೂಢಿ ಮಾತ್ರ ನಮ್ಮಲ್ಲಿ ಬೆಳೀಲಿಲ್ಲ.

ಕಾಗದದ ಅಚ್ಚು

ನೂರು ವರ್ಷಕ್ಕೂ ಮೇಲ್ಪಟ್ಟು ಶಾಸನಶಾಸ್ತ್ರದ ಮುಖ್ಯ ತಂತ್ರ ಅಂದರೆ ಪಡಿಯಚ್ಚು. ಕಲ್ಲನ್ನು ನೀರಿನಿಂದ ತೊಳೆದು, ಮೆತ್ತನೆ ಬ್ರಷ್‌ನಿಂದ ಅಕ್ಷರದ ಒಳಗಿನ ಮಣ್ಣು ತೆಗೆಯೋದು. ಒದ್ದೆ ಮಾಡಿದ ಕಾಗದ ಹಾಸೋದು. ದಪ್ಪ ಕೂದಲಿನ ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದ ಅಕ್ಷರದ ತಗ್ಗಿಗೆ ಇಳಿಯೋ ಹಾಗೆ ಮಾಡೋದು. ಮೇಲೆ ಮಸಿ ತಟ್ಟೋದು. ಉಬ್ಬಿದ ಜಾಗ ಕಪ್ಪಾಗತ್ತೆ, ಕೆತ್ತಿದ ಅಕ್ಷರ ಬೆಳ್ಳಗೆ ಉಳಿಯತ್ತೆ.

ಬರೆದಾಗ ನಾಲ್ಕು ಸಾಲು, ಮಾಡುವಾಗ ಕೈಚಳಕದ ಕೆಲಸ. ಕಾಗದ ಎಷ್ಟು ಒದ್ದೆ ಇರಬೇಕು, ಮಸಿ ಎಷ್ಟು ಗಟ್ಟಿ ಇರಬೇಕು, ಗಾಳಿ ಬೀಸಿದರೆ ಏನು ಮಾಡಬೇಕು ಅನ್ನೋದು ಪುಸ್ತಕದಿಂದ ಬರಲ್ಲ. ಜೊತೆಗೆ ನಿಂತು ಕಲಿಯಬೇಕು. ಈ ವಿದ್ಯೆ ಬಲ್ಲವರು ಕಡಿಮೆ ಆಗ್ತಾ ಇರೋದು ಒಂದು ನಿಜವಾದ ನಷ್ಟ. ಕರೆಂಟು, ಕಂಪ್ಯೂಟರ್ ಏನೂ ಬೇಡದ, ಒಂದು ಚೀಲದಲ್ಲಿ ಹಿಡಿಸೋ ತಂತ್ರಜ್ಞಾನ ಇದು.

ಇದರ ಮಿತಿಯೂ ಸ್ಪಷ್ಟ. ಕಾಗದ ಕಪ್ಪು ಬಿಳುಪು ಹೇಳತ್ತೆ, ಆಳ ಹೇಳಲ್ಲ. ಒರಟು ಕಲ್ಲಿನ ಮೇಲೆ ಪ್ರತಿ ಗುಳಿಯೂ ಬಿಳಿ ಚುಕ್ಕಿ ಆಗತ್ತೆ. ಅಕ್ಷರ ಬಹಳ ಸವೆದಿದ್ದರೆ ಕಾಗದ ಅದರೊಳಗೆ ಇಳಿಯೋದೇ ಇಲ್ಲ.

ಬೆಳಕಿನ ಅಚ್ಚು

ಮೂರು ಆಯಾಮದ ಸ್ಕ್ಯಾನಿಂಗ್ ಬಂದದ್ದು ಇಲ್ಲಿ. 1909ರಲ್ಲಿ ಶುರುವಾದ ಬೆಂಗಳೂರಿನ ಮಿಥಿಕ್ ಸೊಸೈಟಿ, 2021ರ ಜನವರಿಯಿಂದ ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರದ ಕಲ್ಲುಗಳನ್ನು ಹುಡುಕಿ ಸ್ಕ್ಯಾನ್ ಮಾಡೋ ಯೋಜನೆ ನಡೆಸ್ತಾ ಇದೆ. ಅದರ ಗೌರವ ನಿರ್ದೇಶಕರು ಪಿ. ಎಲ್. ಉದಯ ಕುಮಾರ್. ಅವರು ಕಲಿತದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಮ್ಮ ವಿಷಯಕ್ಕೆ ಇದೇ ಮುಖ್ಯ. ಕಾರ್ಖಾನೆಯಲ್ಲಿ ಬಿಡಿಭಾಗದ ಅಳತೆ ಸರಿಯಿದೆಯಾ ಅಂತ ನೋಡೋಕೆ ಬಳಸೋ ಉಪಕರಣವನ್ನು ವೀರಗಲ್ಲಿನ ಮುಂದೆ ತಂದು ನಿಲ್ಲಿಸಬಹುದು ಅನ್ನೋದು ಲಿಪಿ ಅಭ್ಯಾಸದಿಂದ ಬರೋ ಯೋಚನೆ ಅಲ್ಲ.

ಉಪಕರಣ ಕೆಲಸ ಮಾಡೋ ರೀತಿ ಹೀಗೆ. ಕೈಯಲ್ಲಿ ಹಿಡಿಯೋ ಸ್ಕ್ಯಾನರ್ ಕಲ್ಲಿನ ಮೇಲೆ ಗೆರೆ ಅಥವಾ ಚುಕ್ಕಿಗಳ ವಿನ್ಯಾಸದ ಬೆಳಕು ಬೀರತ್ತೆ. ಸಪಾಟು ಜಾಗದಲ್ಲಿ ಗೆರೆ ನೆಟ್ಟಗಿರತ್ತೆ, ತಗ್ಗಿರೋ ಕಡೆ ಬಾಗತ್ತೆ. ಪಕ್ಕದಲ್ಲೇ ಇರೋ ಕ್ಯಾಮೆರಾ ಆ ಬಾಗನ್ನು ನೋಡತ್ತೆ. ಬೆಳಕು ಹೊರಟ ಜಾಗ, ಕ್ಯಾಮೆರಾ ಇರೋ ಜಾಗ, ಬೆಳಕು ಬಿದ್ದ ಬಿಂದು ಈ ಮೂರೂ ಸೇರಿದರೆ ಒಂದು ತ್ರಿಕೋನ. ಎರಡು ಕೋನ, ಒಂದು ಬಾಹು ಗೊತ್ತಿದ್ದರೆ ಉಳಿದದ್ದನ್ನು ಲೆಕ್ಕ ಹಾಕಬಹುದು ಅಂತ ಹೈಸ್ಕೂಲಿನಲ್ಲಿ ಓದಿದ್ದೀವಲ್ಲ, ಅದೇ ಇಲ್ಲಿ ನಡೆಯೋದು. ಸರ್ವೆಯವರು ಬೆಟ್ಟದ ದೂರ ಅಳೆಯುತ್ತಿದ್ದ ಲೆಕ್ಕವೂ ಇದೇ. ಹೀಗೆ ಲಕ್ಷಾಂತರ ಬಿಂದುಗಳನ್ನು ಮಿಲಿಮೀಟರಿನ ಭಾಗಗಳಷ್ಟು ಸೂಕ್ಷ್ಮವಾಗಿ ದಾಖಲಿಸಿ, ಹೊಲಿದು ಕಲ್ಲಿನ ಪೂರ್ತಿ ಮೇಲ್ಮೈ ಮಾಡಲಾಗತ್ತೆ. ನಡು ಹಗಲಿನ ಬಿಸಿಲಿನಲ್ಲಿ ಸ್ಕ್ಯಾನರ್‌ನ ಬೆಳಕು ಮಂಕಾಗಿಬಿಡತ್ತೆ. ಅದಕ್ಕೇ ನೆರಳು ಮಾಡಿಕೊಂಡೋ ಸಂಜೆ ಹೊತ್ತಲ್ಲೋ ಮಾಡೋದು ಒಳ್ಳೆಯದು.

ನಿಜವಾದ ಲಾಭ ಆಮೇಲೆ ಸಿಗತ್ತೆ. ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ ಪೂರ್ತಿ ತೆಗೆದುಬಿಡಬಹುದು. ಸುಣ್ಣ, ಕುಂಕುಮ, ಪಾಚಿ, ಬಂಡೆಯ ಪಟ್ಟೆಗಳ ಬಣ್ಣ ಎಲ್ಲ ಮಾಯ, ಬರೀ ಆಕಾರ ಉಳಿಯತ್ತೆ. ಬೆಳಕನ್ನು ಯಾವ ಮೂಲೆಯಿಂದ ಬೇಕಾದರೂ ಬೀಳಿಸಬಹುದು. ಕಲ್ಲಿನ ಒಟ್ಟಾರೆ ಉಬ್ಬುತಗ್ಗು ಕಳೆದು ಅಕ್ಷರದ ಆಳ ಮಾತ್ರ ಬೇರೆ ಬೇರೆ ಬಣ್ಣದಲ್ಲಿ ತೋರಿಸಬಹುದು. ಮೆಶ್‌ಲ್ಯಾಬ್ ಅನ್ನೋ ಉಚಿತ ತಂತ್ರಾಂಶದಲ್ಲಿ ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

ಸ್ಕ್ಯಾನರ್ ಇಲ್ಲದವರಿಗೂ ದಾರಿ ಇದೆ. ಒಂದೇ ಕಲ್ಲಿನ ಐವತ್ತರಿಂದ ನೂರು ಫೋಟೋಗಳನ್ನು ಸುತ್ತ ತಿರುಗಿ, ಒಂದಕ್ಕೊಂದು ಮುಕ್ಕಾಲು ಭಾಗ ಹೊಂದಿಕೊಳ್ಳೋ ಹಾಗೆ ಫೋನಿನಲ್ಲೇ ತೆಗೆದರೆ, ಫೋಟೋಗ್ರಾಮೆಟ್ರಿ ತಂತ್ರಾಂಶ ಅದರಿಂದ ಮೂರು ಆಯಾಮದ ಮಾದರಿ ಕಟ್ಟತ್ತೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡೋದು ಮರೀಬಾರದು. ಇಲ್ಲದಿದ್ದರೆ ಆಕಾರ ಬರತ್ತೆ, ಅಳತೆ ಬರಲ್ಲ. ಅದೂ ಆಗದಿದ್ದರೆ ರಾತ್ರಿ ಹೊತ್ತು ಒಂದು ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು, ಅಡ್ಡ ಬೆಳಕಿನಲ್ಲಿ ಫೋಟೋ ತೆಗೆಯೋದು. ಎಷ್ಟೋ ಸಲ ಹಗಲಿನಲ್ಲಿ ಕಾಣದ ಸಾಲು ಆಗ ಎದ್ದು ಬರತ್ತೆ.

ಆದರೆ ಯಂತ್ರಕ್ಕೆ ಸುಮ್ಮನೆ ನಂಬಿಕೆ ಇಡಬಾರದು. ಸ್ಕ್ಯಾನ್ ಆಗದೆ ಬಿಟ್ಟುಹೋದ ಜಾಗಗಳನ್ನು ತಂತ್ರಾಂಶ ತಾನೇ ಅಂದಾಜು ಮಾಡಿ ತುಂಬತ್ತೆ. ಅಂಚುಗಳನ್ನು ಹೆಚ್ಚು ಚೂಪು ಮಾಡಿದರೆ ಇಲ್ಲದ ಗೀಟು ಹುಟ್ಟಿಕೊಳ್ಳತ್ತೆ. ಹಾಗಾಗಿ ತಿದ್ದಿದ ಚಿತ್ರದ ಜೊತೆ ಮೂಲ ದತ್ತಾಂಶವನ್ನೂ ಇಟ್ಟಿರಬೇಕು. ಲಿಪಿ ಬಲ್ಲವರು ಮತ್ತು ಸ್ಕ್ಯಾನ್ ಮಾಡಿದವರು ಒಂದೇ ಪರದೆ ಮುಂದೆ ಕೂತು ಓದಬೇಕು. 1905ರ ಕಾಗದವನ್ನು ಇವತ್ತೂ ಓದ್ತೀವಿ. ಇವತ್ತಿನ ಫೈಲನ್ನು ನೂರು ವರ್ಷದ ಮೇಲೆ ತೆರೆಯೋಕೆ ಆಗತ್ತಾ ಅನ್ನೋದೂ ಈ ಕೆಲಸದ ಭಾಗವೇ.

ಭಾಷೆ, ಲೆಕ್ಕ, ನೆಲ

ಅಕ್ಷರ ಸ್ಪಷ್ಟವಾದ ಮೇಲೆ ಭಾಷೆಯ ಪ್ರಶ್ನೆ. ಹೊಸಕೋಟೆ, ದೇವನಹಳ್ಳಿ ಕಡೆ ಕನ್ನಡದ ಜೊತೆಗೆ ತಮಿಳು ಶಾಸನಗಳೂ ಸಾಕಷ್ಟಿವೆ. ಹನ್ನೊಂದನೇ ಶತಮಾನದ ಶುರುವಿನಲ್ಲಿ ಚೋಳರು ಗಂಗವಾಡಿಯನ್ನು ಗೆದ್ದಾಗ ಈ ಪೂರ್ವ ಭಾಗ ನಿಗರಿಲಿಚೋಳ ಮಂಡಲದ ಆಡಳಿತಕ್ಕೆ ಸೇರಿತು. ಆಮೇಲೆ ಹೊಯ್ಸಳರ ಕಾಲದಲ್ಲೂ ತಮಿಳು ಬರಹ ನಡೆದುಕೊಂಡು ಬಂತು. ಸಂಸ್ಕೃತ ಪದ ಬಂದಾಗ ಗ್ರಂಥ ಲಿಪಿ ನಡುನಡುವೆ ಸೇರಿಕೊಳ್ಳತ್ತೆ. ಕನ್ನಡ ಮಾತ್ರ ಬಲ್ಲವರು ಇಂಥ ಕಲ್ಲು ಕಂಡರೆ 'ಓದೋಕೆ ಆಗಲ್ಲ' ಅಂತ ಬಿಟ್ಟುಬಿಡ್ತಾರೆ. ನಮ್ಮ ಊರಿನ ಕೆರೆ, ಗುಡಿಗಳ ಚರಿತ್ರೆಯ ಒಂದು ಭಾಗ ಹಾಗೇ ಕೈತಪ್ಪತ್ತೆ.

ಆಮೇಲೆ ಕಾಲ. ಶಕವರ್ಷಕ್ಕೆ 78 ಸೇರಿಸಿದರೆ ಸಾಮಾನ್ಯ ಶಕೆ ಬರತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕಲ್ಲಿನಲ್ಲಿ ಅಂಕಿ ಸವೆದಿದ್ದರೆ? ಹೊಯ್ಸಳ, ವಿಜಯನಗರ ಕಾಲದ ಶಾಸನಗಳಿಗೆ ಒಂದು ಸುಲಭ ಪರೀಕ್ಷೆ ಇದೆ. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಸಂಖ್ಯೆ, ಪ್ರಭವ 1 ಅಂತ ಎಣಿಸಿದರೆ. ಉದಾಹರಣೆಗೆ ಶಕ 1265 ಅನ್ನಿ. 12 ಸೇರಿಸಿದರೆ 1277. ಅದನ್ನು 60ರಿಂದ ಭಾಗಿಸಿದರೆ ಶೇಷ 17. ಹದಿನೇಳನೆಯದು ಸ್ವಭಾನು. ಕಲ್ಲಿನಲ್ಲೂ ಸ್ವಭಾನು ಅಂತಿದ್ದರೆ ಅಂಕಿ ಸರಿ. ಹಿಂದೆ ಮುಂದೆ ಒಂದು ವರ್ಷ ಬಂದರೆ ಕಳೆದ ವರ್ಷ ಹೇಳಿದ್ದಾನೋ ನಡೆಯುತ್ತಿರೋ ವರ್ಷ ಹೇಳಿದ್ದಾನೋ ನೋಡಬೇಕು. ಬಹಳ ದೂರ ಹೋದರೆ ಅಂಕಿಯನ್ನು ಮತ್ತೆ ಓದಬೇಕು. ತಿಥಿ, ವಾರ, ಗ್ರಹಣ ಇದ್ದರೆ ಖಗೋಳ ಗಣಿತದಿಂದ ದಿನವನ್ನೇ ಹಿಡಿಯಬಹುದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ಶಾಸನತಜ್ಞರು ಇದಕ್ಕಾಗಿಯೇ ಬಳಸುತ್ತಾ ಬಂದದ್ದು.

ಮೂರನೆಯದು ನೆಲ. ದಾನಶಾಸನಗಳಲ್ಲಿ ಗದ್ದೆಯನ್ನು ಅಳೆಯೋದು ಬಿತ್ತನೆ ಬೀಜದಿಂದ: ಖಂಡುಗ, ಕೊಳಗ. ಹಳೇ ಮೈಸೂರಿನ ಲೆಕ್ಕದಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹತ್ತು ಕೊಳಗ ಬಿತ್ತುವ ಗದ್ದೆ ಎಷ್ಟು ಗುಂಟೆ ಅನ್ನೋದು ಮಣ್ಣು, ನೀರು, ಬೀಜ ಮೂರರ ಮೇಲೂ ನಿಂತಿರತ್ತೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಕೆರೆಗೊಡಗೆ, ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ ಇವೆಲ್ಲ ಬರೀ ಪದಗಳಲ್ಲ, ಒಂದು ಜಾಗದ ಒಂದು ತುಂಡು ನೆಲ. ತೂಬು ಎಲ್ಲಿ, ಕೋಡಿ ಎಲ್ಲಿ, ಮೂಡಣ ಗಡಿಯ ಹುತ್ತ ಎಲ್ಲಿತ್ತು ಅಂತ ಕೇಳಿದರೆ ಊರಿನ ನೀರಗಂಟಿ ಕರೆದುಕೊಂಡು ಹೋಗಿ ತೋರಿಸಿಬಿಡ್ತಾನೆ. ಶಾಸನದಲ್ಲಿ ಬಂದ ಹಳ್ಳಿ ಇವತ್ತು ಇಲ್ಲದಿದ್ದರೆ ಅದು ಬೇಚಿರಾಕ್ ಗ್ರಾಮವಾಗಿ ಕಂದಾಯ ದಾಖಲೆಯಲ್ಲಿ ಉಳಿದಿರಬಹುದು. ಗ್ರಾಮ ನಕ್ಷೆ ನೋಡಬೇಕು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯತ್ತೆ. ಕಲ್ಲಿನ ಫೋಟೋ ಜೊತೆ ಆ ನಂಬರ್ ಬರೆದಿಟ್ಟರೆ, ನಾಳೆ ಕಲ್ಲು ಸರಿದಾಡಿದರೂ ಮೂಲ ಜಾಗ ಗೊತ್ತಿರತ್ತೆ.

ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಜಾಗ

ಓದಿದ ಪಾಠವನ್ನು ಕಂಪ್ಯೂಟರಿಗೆ ಹಾಕೋಕೆ ಯೂನಿಕೋಡ್ ಬೇಕು. ಹಳೆಗನ್ನಡದ ಱ ಮತ್ತು ೞ ಎರಡಕ್ಕೂ ಅಲ್ಲಿ ಜಾಗ ಇದೆ. ಆದರೆ ೞಗೆ ಅಲ್ಲಿ ಕೊಟ್ಟಿರೋ ಹೆಸರು ನೋಡಿದರೆ ನಗು ಬರತ್ತೆ: 'ಕನ್ನಡ ಅಕ್ಷರ ಫ'! ಯಾರೋ ಅದನ್ನು ಇಂಗ್ಲಿಷಿನ 'ಎಫ್' ಧ್ವನಿಯ ಅಕ್ಷರ ಅಂದುಕೊಂಡು ಸೇರಿಸಿದ್ದು. ಯೂನಿಕೋಡ್ ನಿಯಮದ ಪ್ರಕಾರ ಒಮ್ಮೆ ಕೊಟ್ಟ ಹೆಸರು ಬದಲಾಯಿಸೋ ಹಾಗಿಲ್ಲ. ತಪ್ಪು ಗೊತ್ತಾದ ಮೇಲೆ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ ಅಷ್ಟೇ. ತಂತ್ರಜ್ಞರು ಮೇಜಿನ ಮುಂದೆ ಕೂತಾಗ ಹಳೆಗನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಇದ್ದಿದ್ದರೆ ಆಗದೇ ಇರುತ್ತಿದ್ದ ತಪ್ಪು. ಗ್ರಂಥ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2014ರಲ್ಲಿ. ಅದಕ್ಕೆ ಮುಂಚೆ ನಮ್ಮ ಪೂರ್ವ ತಾಲ್ಲೂಕುಗಳ ಎಷ್ಟೋ ಕಲ್ಲುಗಳನ್ನು ಇದ್ದ ಹಾಗೆ ಟೈಪ್ ಮಾಡೋಕೂ ದಾರಿ ಇರಲಿಲ್ಲ.

ಕಂಪ್ಯೂಟರೇ ಶಾಸನ ಓದೋ ದಿನದ ಬಗ್ಗೆಯೂ ಈಗ ಮಾತು ಇದೆ. ಯಂತ್ರಕ್ಕೆ ಕಲಿಸೋಕೆ ಒಂದೊಂದು ಕಾಲದ ಒಂದೊಂದು ಅಕ್ಷರದ ಸಾವಿರಾರು ಮಾದರಿ ಬೇಕು. ಆ ಮಾದರಿಗಳಿಗೆ 'ಇದು ವ, ಇದು ಮ' ಅಂತ ಚೀಟಿ ಅಂಟಿಸಬೇಕಾದವರು ಮನುಷ್ಯರೇ. ವ, ಮ, ಪಗಳು ಸವೆದಾಗ ಒಂದನ್ನೊಂದು ಹೋಲುತ್ತವೆ. ಚೀಟಿ ತಪ್ಪಾದರೆ ಯಂತ್ರ ಆ ತಪ್ಪನ್ನು ಬಹಳ ಧೈರ್ಯವಾಗಿ ಎಲ್ಲ ಕಡೆ ಮಾಡತ್ತೆ.

ಈಗ ಯಾಕೆ ಆತುರ

ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯ್ತು. ಅಲ್ಲಿಂದ ಸುತ್ತಲ ಹೊಲಗಳು ಲೇಔಟ್, ಕೈಗಾರಿಕಾ ಪ್ರದೇಶ, ಗೋದಾಮು ಆಗುತ್ತಾ ಬಂದಿವೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸೋ ವರ್ತುಲ ರಸ್ತೆ ಬಂದಿದೆ. ಇದು ಬೇಡ ಅಂತಲ್ಲ, ಊರಿನವರಿಗೂ ಬದುಕು ಬೇಕು. ಆದರೆ ಜೆಸಿಬಿ ಬಂದಾಗ ಹೊಲದ ಬದುವಿನ ಒಂದು ಕಲ್ಲು ಏನು ಅಂತ ಕೇಳೋರು ಯಾರೂ ಇರಲ್ಲ. ಅದರ ಜೊತೆಗೆ ಹಳೇ ಕಾಟಗಳೂ ಇವೆ. ಕಲ್ಲಿನ ಕೆಳಗೆ ನಿಧಿ ಇದೆ ಅನ್ನೋ ನಂಬಿಕೆಯಿಂದ ಅಗೆದು ಒಡೆಯೋದು, ಗುಡಿ ಜೀರ್ಣೋದ್ಧಾರದಲ್ಲಿ ಬಣ್ಣ ಬಳಿಯೋದು, ಮರಳು ಹಾಯಿಸಿ ಕಲ್ಲು ಉಜ್ಜೋದು, ಅಕ್ಷರದ ಮೇಲೆ ಟೈಲ್ಸ್ ಹಾಕೋದು.

ಕಲ್ಲು ಹೋದರೂ ರೈಸ್ ಪುಸ್ತಕದಲ್ಲಿ ಪಾಠ ಇದೆಯಲ್ಲ ಅನ್ನಬಹುದು. ಎರಡು ಕಾರಣಕ್ಕೆ ಅದು ಸಾಲದು. ರೈಸ್ ಪಾಠದಲ್ಲಿ ಬಿಟ್ಟ ಜಾಗ ತುಂಬೋಕೆ, ತಪ್ಪು ತಿದ್ದೋಕೆ ಕಲ್ಲೇ ಬೇಕು. ಜೊತೆಗೆ, ರೈಸ್‌ಗೆ ಸಿಗದ ಕಲ್ಲುಗಳು ಈಗಲೂ ಸಿಗುತ್ತಿವೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಶ್ರೀಪುರುಷನ ಕಾಲದ್ದು, ಸುಮಾರು ಸಾ.ಶ. 750ರದ್ದು. ಮಹಾನಗರದ ನಡುವೆ ಅಷ್ಟು ಹಳೇ ಕಲ್ಲು ಇಪ್ಪತ್ತೊಂದನೇ ಶತಮಾನದಲ್ಲಿ ಸಿಗಬಹುದಾದರೆ, ಶ್ರೀಪುರುಷ ಬೀಡು ಬಿಟ್ಟಿದ್ದ ಮಣ್ಣೆಯ ಸುತ್ತಮುತ್ತಲ ಹೊಲಗಳಲ್ಲಿ ಇನ್ನೇನಿದೆಯೋ? ಕಿತ್ತಯ್ಯನ ಕಲ್ಲಿಗೆ ಈಗ ಅಲ್ಲೇ ಒಂದು ಮಂಟಪ ಆಗಿದೆ. ಅಲ್ಲಿನ ಜನ ಅದನ್ನು ತಮ್ಮದು ಅಂತ ಒಪ್ಪಿಕೊಂಡದ್ದರಿಂದ ಆದ ಕೆಲಸ ಅದು.

ನೀವು ಮಾಡಬಹುದಾದದ್ದು

ಮೊದಲು ನಿಮ್ಮ ಹಳ್ಳಿಯ ಹೆಸರನ್ನು ಒಂಬತ್ತನೇ ಸಂಪುಟದಲ್ಲಿ ನೋಡಿ. ಅಂತರಜಾಲದಲ್ಲಿ ಉಚಿತವಾಗಿ ಸಿಗತ್ತೆ. ಹೆಸರಿನ ಕಾಗುಣಿತ ಹಳೆಯದಾಗಿರಬಹುದು, ಪಕ್ಕದ ಹಳ್ಳಿಗಳನ್ನೂ ನೋಡಿ. ರೈಸ್ ಪಾಠದ ಜೊತೆಗೆ ಕಲ್ಲು ಎಲ್ಲಿತ್ತು ಅಂತಲೂ ಹೇಳಿರ್ತಾರೆ: ಗುಡಿಯ ಮುಂದೆ, ಕೆರೆಯ ಕೆಳಗೆ, ಇಂಥ ದಿಕ್ಕಿನ ಹೊಲದಲ್ಲಿ. ಆ ಜಾಗಕ್ಕೆ ಹೋಗಿ, ಊರಿನ ಹಿರಿಯರನ್ನು ಕೇಳಿ. ಅವರಿಗೆ 'ಶಾಸನ' ಅನ್ನೋ ಪದ ಗೊತ್ತಿಲ್ಲದೆ ಇರಬಹುದು. ಬರೆದಿರೋ ಕಲ್ಲು, ವೀರರ ಕಲ್ಲು ಅಂತ ಕೇಳಿದರೆ ಹೇಳ್ತಾರೆ.

ಕಲ್ಲು ಸಿಕ್ಕಿದರೆ ನೀರು, ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ಆಸಿಡ್, ತಂತಿ ಬ್ರಷ್, ಉಳಿ ಖಂಡಿತ ಬೇಡ. ಅಕ್ಷರದೊಳಗೆ ಬಣ್ಣ ತುಂಬಬೇಡಿ. ಹಾಗೆ ತುಂಬಿದರೆ ನೀವು ಓದಿದ್ದೇ ಕಲ್ಲಿನ ಮೇಲೆ ನಿಂತುಬಿಡತ್ತೆ, ಮುಂದಿನವನಿಗೆ ನಿಜವಾದ ಗೀಟು ಕಾಣಲ್ಲ. ಪೂಜೆ ನಡೆಯೋ ಕಲ್ಲಾದರೆ ಊರಿನವರ ಒಪ್ಪಿಗೆ ಪಡೆದೇ ಮುಂದುವರಿಯಿರಿ. ಸ್ಕೇಲ್ ಇಟ್ಟು, ನಾಲ್ಕೂ ಮಗ್ಗುಲು, ಅಡ್ಡ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಜಾಗದ ಅಕ್ಷಾಂಶ ರೇಖಾಂಶ, ಸರ್ವೆ ನಂಬರ್ ಬರೆದುಕೊಳ್ಳಿ. ರೈಸ್ ಪಾಠದ ಜೊತೆ ಸಾಲು ಸಾಲಾಗಿ ತಾಳೆ ನೋಡಿ.

ಹೊಸ ಕಲ್ಲು ಅನ್ನಿಸಿದರೆ ರಾಜ್ಯ ಪುರಾತತ್ವ ಇಲಾಖೆಗೆ, ಮೈಸೂರಿನಲ್ಲಿರೋ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ, ಇಲ್ಲವೇ ಮಿಥಿಕ್ ಸೊಸೈಟಿಯ ತಂಡಕ್ಕೆ ತಿಳಿಸಿ. ತಾಮ್ರಪಟ, ನಾಣ್ಯ ಮಣ್ಣಿನಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1962ರ ಕರ್ನಾಟಕ ನಿಧಿ ಕಾಯ್ದೆಯೇ ಹೇಳತ್ತೆ. ಕಲ್ಲನ್ನು ಮನೆಗೆ, ಮ್ಯೂಸಿಯಂಗೆ ಅಂತ ನೀವಾಗಿ ಎತ್ತಿಕೊಂಡು ಹೋಗಬೇಡಿ. ಅದು ನಿಂತ ಜಾಗವೂ ಆ ದಾಖಲೆಯ ಒಂದು ಸಾಲು.

ಆಮೇಲೆ ನಿಮ್ಮ ಕಸುಬು ಯಾವುದು ಅಂತ ಯೋಚಿಸಿ. ಸರ್ವೆಯರ್ ಆಗಿದ್ದರೆ ಗಡಿ ಹುಡುಕಿ. ಗಣಿತ ಮೇಷ್ಟ್ರಾಗಿದ್ದರೆ ಸಂವತ್ಸರದ ಲೆಕ್ಕ ಮಕ್ಕಳಿಗೆ ಕಲಿಸಿ, ಊರಿನ ಕಲ್ಲಿನದ್ದೇ ಉದಾಹರಣೆ ಕೊಡಿ. ತಂತ್ರಾಂಶ ಬರೆಯೋರಾಗಿದ್ದರೆ ಪಾಠಗಳನ್ನು ಹುಡುಕೋಕೆ ಸುಲಭವಾಗೋ ಹಾಗೆ ಜೋಡಿಸಿ. ಕಲ್ಲು ಕೆತ್ತೋರು ನಿಮಗೆ ಪರಿಚಯ ಇದ್ದರೆ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ಸವೆದ ಸಾಲಿನ ಮುಂದೆ ಕೂರಿಸಿ ಕೇಳಿ. ಬರೀ ಲಿಪಿ ಬಲ್ಲವರನ್ನೇ ಕಾಯುತ್ತಾ ಕೂತರೆ ಈ ನಾಲ್ಕು ತಾಲ್ಲೂಕಿನ ಕಲ್ಲುಗಳು ಅಷ್ಟು ದಿನ ಕಾಯೋ ಸ್ಥಿತಿಯಲ್ಲಿಲ್ಲ.